ಬಟ್ಟಲಿನಂಥ ನಾಣ್ಯ

ಈ ವರ್ಷ ನನ್ನ ಡಬ್ಬಿಗೆ ಬಂದ ನಾಣ್ಯಗಳು ನಾಲ್ಕು. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈಗ ನನ್ನ ಹತ್ತಿರ ಇಲ್ಲ. ಹಾಗೆಂದು ಯಾರೂ ಅಯ್ಯೋ ಪಾಪ ಅನ್ನಬೇಕಾಗಿಲ್ಲ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕುಂದಾಪುರ ಪೇಟೆಯಲ್ಲಿ ನನ್ನದೊಂದು ವಾಚ್ ರಿಪೇರಿ ಅಂಗಡಿ ಇದೆ. ಮನೆ ತ್ರಾಸಿಯಲ್ಲಿ. ಈಗ ವಾಚು ಬಿಚ್ಚಿ ರಿಪೇರಿ ಮಾಡಿಸುವವರು ಯಾರು? ಸೆಲ್ ಹಾಕಿಸಿಕೊಂಡು ಹೋಗುವವರೇ ಎಲ್ಲ. ಹಾಗಾಗಿ ಮಧ್ಯಾಹ್ನದ ಮೇಲಿನ ಹೊತ್ತು ನನ್ನದು. ಬಾಗಿಲು ಅರ್ಧ ಎಳೆದು, ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು ಕುಳಿತರೆ ನಾನು ಕುಂದಾಪುರದಲ್ಲಿ ಇರುವುದಿಲ್ಲ. ಎಲ್ಲಿರುತ್ತೇನೆ ಎನ್ನುವುದು ಅಂಗೈಯಲ್ಲಿರುವ ನಾಣ್ಯ ಯಾವುದು ಎಂಬುದರ ಮೇಲೆ ನಿಂತಿರುತ್ತದೆ. ಎಡಗಣ್ಣು ಹುಟ್ಟಿದಾಗಿನಿಂದಲೂ ಮಂಜು. ಅದು ಮುಖದಲ್ಲಿ ಲೆಕ್ಕಕ್ಕೆ ಮಾತ್ರ.

ನಾಣ್ಯ ತಂದುಕೊಡುವವನು ನನ್ನ ಶಾಲೆಯ ಕಾಲದ ಗೆಳೆಯ. ಕೋಟದವನು. ಮುಂಬೈಯಲ್ಲಿ ಹೋಟೆಲಿಟ್ಟು ಅಲ್ಲೇ ತಲೆ ನರೆಸಿಕೊಂಡಿದ್ದಾನೆ. ಅವನ ಹೋಟೆಲಿಗೆ ದಿನಾ ಚಹಾಕ್ಕೆ ಬರುವ ಹಳೇ ನಾಣ್ಯದ ವ್ಯಾಪಾರಿಯೊಬ್ಬನಿದ್ದಾನೆ. ಇವನು ಊರಿಗೆ ಬರುವಾಗಲೆಲ್ಲ ಅವನಿಂದ ಒಂದೊಂದು ಕೊಂಡು, ಅಂಗಿಯ ಮಡಿಕೆಯಲ್ಲಿ ಸುತ್ತಿ ತರುತ್ತಾನೆ.

ವರ್ಷದ ಮೊದಲನೆಯದು ನಮ್ಮ ಕಡೆಯದೇ ನಾಣ್ಯ. ಹಿಂದೆ ಬಾರ್ಕೂರಿನಲ್ಲಿ ಕುಳಿತು ಆಳಿದ ಆಳುಪರ ಚಿನ್ನದ ಪಣ. ಕಡಲೆಬೇಳೆಯಷ್ಟೇ ಇದೆ, ಆದರೆ ಅದರೊಳಗೆ ಎರಡು ಮೀನು ಎಷ್ಟು ಚಂದವಾಗಿ ಮಲಗಿವೆ! ನನ್ನ ಹೆಂಡತಿಯ ತವರು ಬಾರ್ಕೂರು. ನಿಮ್ಮೂರ ರಾಜರ ದುಡ್ಡು ನೋಡು ಎಂದು ಭೂತಗನ್ನಡಿ ಕೊಟ್ಟೆ. ಅವಳು ಬಹಳ ಹೊತ್ತು ನೋಡಿ, “ಬಂಗ್ಡಿಯಾ, ಬೈಗಿಯಾ?” ಎಂದು ಕೇಳಿದಳು. ಯಾವ ಮೀನೆಂದು ಗೊತ್ತಾಗದೆ ಅವಳಿಗೆ ಯಾವ ರಾಜವಂಶದ ಮೇಲೂ ಗೌರವ ಹುಟ್ಟುವುದಿಲ್ಲ.

ಎರಡನೆಯದು ರೋಮನರ ಪುಟ್ಟ ತಾಮ್ರ. ಹಡಗಿನ ಮೂತಿಯ ಮೇಲೆ ರೆಕ್ಕೆಯ ಹೆಣ್ಣೊಬ್ಬಳು ನಿಂತಿದ್ದಾಳೆ. ಅದನ್ನು ನೋಡುವಾಗ ಅವಳ ರೆಕ್ಕೆ ಯಾಕೋ ಹೊಗೆಯಲ್ಲಿ ಕಲಸಿದಂತಿತ್ತು. ಭೂತಗನ್ನಡಿಗೆ ಬೈದು ಅಂಗಿಯ ಚುಂಗಿನಿಂದ ಒರೆಸಿದೆ. ಬಲ್ಬಿಗೆ ಬೈದೆ. ಬಲ್ಬು ಮಾರಿದವನ ಅಂಗಡಿಗೂ ಹೋಗಿ ಬೈದು ಬಂದೆ. ಆಮೇಲೆ ನಾಣ್ಯ ಮುಷ್ಟಿಯಲ್ಲಿಟ್ಟುಕೊಂಡು ಕುರ್ಚಿಗೊರಗಿದರೆ ಜೊಂಪು ಹತ್ತಿತು. ಗಂಗೊಳ್ಳಿ ಅಳಿವೆಯಲ್ಲಿ ಆ ಹಡಗು ಒಳಗೆ ಬರುತ್ತಿತ್ತು, ಬಸ್ರೂರಿನ ಹಳೇ ಬಂದರಿನ ಕಡೆಗೆ. ಮೆಣಸಿನ ಚೀಲ ಹೊತ್ತವರು ದಡದಲ್ಲಿ ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ, ಯಾರಿಗೆಂದು ಗೊತ್ತಿರಲಿಲ್ಲ. ಯಾರೋ ಸೆಲ್ ಹಾಕಿಸಲು ಬಂದು ಎಬ್ಬಿಸಿದರು.

ಮೂರನೆಯದು ಮಳೆಗಾಲ ಹಿಡಿಯುವಾಗ ಬಂತು. ರೋಮನರ ರಾಜ್ಯದ ಪೂರ್ವಭಾಗವನ್ನು ಆಮೇಲೆ ಆಳಿದ ಬೈಜಾಂಟಿಯನ್ನರ ದಪ್ಪ ತಾಮ್ರ, ಹಸಿರು ಕಟ್ಟಿದ್ದು. ಹಳೇ ಚಕ್ರವರ್ತಿಯ ನಾಣ್ಯದ ಮೇಲೆಯೇ ಹೊಸಬನು ತನ್ನ ಅಚ್ಚು ಗುದ್ದಿಸಿದ್ದ. ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಹಳೇ ಪೋಸ್ಟರಿನ ಮೂಗು ಹೊಸದರ ಗಲ್ಲದ ಕೆಳಗಿಂದ ಇಣುಕುವ ಹಾಗೆ, ಹಿಂದಿನವನ ಕಿವಿ ಮುಂದಿನವನ ಭುಜದಲ್ಲಿ ಉಳಿದುಕೊಂಡಿತ್ತು. ಇದನ್ನು ನಾನು ನೋಡಿದ್ದಕ್ಕಿಂತ ಬೆರಳಿಂದ ತಿಳಿದದ್ದೇ ಹೆಚ್ಚು. ಅಷ್ಟರಲ್ಲಿ ಬಲಗಣ್ಣಿಗೆ ಗಂಜಿತಿಳಿ ಹೊಯ್ದಂತಾಗಿತ್ತು. ಬಸ್ಸಿನ ಬೋರ್ಡು ಕಾಣುತ್ತಿರಲಿಲ್ಲ. ಬ್ರಹ್ಮಾವರ ದಾಟಿ ದೊಡ್ಡ ಆಸ್ಪತ್ರೆಗೆ ಹೋದೆವು. ಪೊರೆ ಬಲಿತಿದೆ, ಆಪರೇಷನ್ ಮಾಡಲೇಬೇಕು, ಆದರೆ ಕಣ್ಣಿನ ಹಿಂಬದಿಯೂ ಸರಿಯಿದ್ದಂತಿಲ್ಲ, ಎಷ್ಟು ಕಾಣುತ್ತದೆಂದು ಈಗಲೇ ಹೇಳಲಿಕ್ಕಾಗದು ಎಂದರು ಡಾಕ್ಟರು. ಇರುವುದೇ ಒಂದು ಕಣ್ಣು.

ನಾಲ್ಕನೆಯದನ್ನು ಗೆಳೆಯ ಚೌತಿಗೆ ಬಂದಾಗ ತಂದ. “ಹ್ವಾಯ್, ಕೈ ಒಡ್ಡ್ ಮಾರಾಯ” ಎಂದ. ಒಡ್ಡಿದೆ. ಅಂಗೈಗೆ ಬಿದ್ದದ್ದು ಚಪ್ಪಟೆ ಇರಲಿಲ್ಲ. ತೆಳ್ಳಗೆ, ನಡುವೆ ತಗ್ಗಾಗಿ, ಕುಂಕುಮದ ಬಟ್ಟಲಿನ ಹಾಗೆ ಇತ್ತು. ಬೈಜಾಂಟಿಯನ್ನರ ಬಟ್ಟಲು ನಾಣ್ಯ! ಎಷ್ಟೋ ವರ್ಷದಿಂದ ಕನಸು ಕಂಡದ್ದು. “ಹೊರ್ಗೆ ಯೇಸು ಕೂತಿದ್ದ. ಒಳ್ಗಿನದ್ದ್ ನೀನೇ ಕಂಡ್ಕೊ, ನಾ ಹೇಳುದಿಲ್ಲ” ಎಂದು ನಗುತ್ತ ಅವನು ಹೋದ. ನನ್ನ ಕಣ್ಣು ಅಷ್ಟು ಕೆಟ್ಟಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಹೆಂಡತಿಯ ಕೈಗೆ ಕೊಟ್ಟು ಒಳಗೆ ಎಂತ ಇದೆ ಹೇಳು ಎಂದೆ.

“ಇದ್ ಬಗ್ಗಿ ಹೋಯ್ತಲೆ! ನಿಮ್ಗೆ ಕಾಂತಿಲ್ಲ ಅಂದೇಳಿ ಯಾರೋ ಟೋಪಿ ಹಾಕಿರ್.”

“ಅದ್ ಇಪ್ಪುದೇ ಹಾಂಗೆ. ಒಳ್ಗ್ ಎಂತ ಇತ್ತ್, ಅದ್ ಹೇಳ್.”

“ಯಾರೋ ಇಬ್ರ್ ನಿಂತ್ಕಂಡಿರ್, ಗೊಂಬಿ ಹಾಂಗೆ.”

“ಎಂತ ಮಾಡ್ತಿದ್ರ್?”

“ನಂಗೆಂತ ಗೊತ್ತ್? ಒಲಿ ಮೇಲ್ ಸಾರ್ ಉಕ್ಕತ್ತ್” ಎಂದು ಎದ್ದೇ ಹೋದಳು.

ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನಿಶ್ಚಯ ಮಾಡಿದೆ. ಇನ್ನು ಯಾರನ್ನೂ ಕೇಳುವುದಿಲ್ಲ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ನಾನೇ ನೋಡುತ್ತೇನೆ. ಕಾಣಲಿಲ್ಲವಾದರೆ ನಾಣ್ಯದ ಹುಚ್ಚು ಅಲ್ಲಿಗೇ ಮುಗಿಯಿತು. ಆಪರೇಷನ್ನಿನ ದಿನದವರೆಗೂ ಮಧ್ಯಾಹ್ನವೆಲ್ಲ ಹೆಬ್ಬೆರಳನ್ನು ಆ ತಗ್ಗಿನಲ್ಲಿ ಆಡಿಸುತ್ತ ಕುಳಿತಿರುತ್ತಿದ್ದೆ. ಹೌದು, ಇಬ್ಬರು ನಿಂತಿದ್ದರು. ನಡುವೆ ಏನೋ ಇತ್ತು, ಒಬ್ಬರ ಕೈ ಇರಬಹುದು. ಅಪ್ಪ ಮಗನೇ? ರಾಜ್ಯ ಹಂಚಿಕೊಂಡ ಅಣ್ಣ ತಮ್ಮಂದಿರೇ? ಒಂದು ದಿನ ಅವರಿಬ್ಬರೂ ತ್ರಾಸಿಯ ಮರಳಿನಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದರು. ಉದ್ದ ನಿಲುವಂಗಿಯ ಅಂಚು ನೀರಿನಲ್ಲಿ ತೋಯುತ್ತಿತ್ತು. ನಾನು ಹಿಂದಿನಿಂದ ಹ್ವಾಯ್ ಎಂದು ಕರೆದೆ. ತಿರುಗಲೇ ಇಲ್ಲ. ಎಚ್ಚರಾದಾಗ ಕಣ್ಣಲ್ಲಿ ನೀರಿತ್ತು. ಅದು ಪೊರೆಯಿಂದ ಬಂದ ನೀರಲ್ಲ.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದರು. ಮೊದಲು ಕಂಡದ್ದು ಗೋಡೆಯ ಗಡಿಯಾರ. ಅದರ ಸೆಕೆಂಡಿನ ಮುಳ್ಳು ಸ್ವಲ್ಪ ತಡೆದು ತಡೆದು ಓಡುತ್ತಿತ್ತು. ಅದರ ಕೆಳಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಹೆಂಡತಿ ನಿಂತಿದ್ದಳು. ಇವಳ ತಲೆ ಇಷ್ಟು ಬೆಳ್ಳಗಾದದ್ದು ಯಾವಾಗ! “ಕಣ್ಣ್ ಕಾಂತಾ?” ಎಂದಳು. “ಆ ಗಡಿಯಾರ ರಿಪೇರಿಗೆ ಬಂದಿತ್ತ್” ಎಂದೆ. ಅವಳು ಅಲ್ಲೇ ಕುಸಿದು ಕುಳಿತು ಅತ್ತಳು.

ಮನೆಗೆ ಬಂದವನು ಕಾಲು ತೊಳೆಯದೆ ಡಬ್ಬಿ ತೆಗೆದೆ. ಮೀನಿನದು ಇತ್ತು. ಹಡಗಿನದು ಇತ್ತು. ದಪ್ಪ ತಾಮ್ರದ್ದೂ ಇತ್ತು. ಬಟ್ಟಲು ಇರಲಿಲ್ಲ.

ಮನೆ ಅಡಿಮೇಲಾಯಿತು. ಹಾಸಿಗೆ ಕೊಡವಿದೆ, ಪೆಟ್ಟಿಗೆ ಕವುಚಿ ಹಾಕಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ಬಾಗಿಲಲ್ಲಿ ನಿಂತಳು.

“ಹ್ವಾಯ್, ಎಂತ ಹುಡ್ಕುದ್?”

“ಆ ಬಗ್ಗಿದ್ ದುಡ್ಡ್!”

“ಅದ್ ನಾ ಮುಡಿಪು ಕಟ್ಟಿದೆ.”

ನಮ್ಮ ಕಡೆ ಮನೆಯಲ್ಲಿ ಯಾರಿಗಾದರೂ ಕಷ್ಟ ಬಂದರೆ ದೇವರಿಗೆ ಹೇಳಿಕೊಂಡು ಒಂದು ನಾಣ್ಯವನ್ನು ಅರಸಿನ ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಾರೆ. ಕಷ್ಟ ಕಳೆದ ಮೇಲೆ ಅದನ್ನು ಹಾಗೆಯೇ ಒಯ್ದು ದೇವಸ್ಥಾನಕ್ಕೆ ಒಪ್ಪಿಸಬೇಕು. ಅಲ್ಲಿಯವರೆಗೆ ಮನೆಯವರು ಗಂಟು ಬಿಚ್ಚುವಂತಿಲ್ಲ. ಆಪರೇಷನ್ನಿಗೆ ಹೊರಟ ದಿನ ನನ್ನ ಕಣ್ಣಿಗಾಗಿ ಅವಳು ತವರಿನ ದೇವರಿಗೆ ಹೇಳಿಕೊಂಡು ಬಟ್ಟಲನ್ನೇ ಕಟ್ಟಿಟ್ಟಿದ್ದಳು.

“ಮನೆಲ್ ಬೇರೆ ದುಡ್ಡ್ ಇರ್ಲಿಲ್ಯಾ?” ಎಂದು ಗುಡುಗಿದೆ.

“ರೂಪಾಯಿ ಕಟ್ಟಿಟ್ರೆ ಬಸ್ಸಿಗ್ ಚಿಲ್ರಿ ಇಲ್ಲ ಅಂದ್ ನೀವೇ ಬಿಚ್ಚತ್ರಿ. ಇದಾದ್ರೆ ಯಾವ ಅಂಗ್ಡಿಲೂ ನಡಿತಿಲ್ಲ, ಯಾರೂ ಮುಟ್ಟುದಿಲ್ಲ ಅಂದ್ಕಂಡೆ. ಹ್ಯಾಂಗೂ ಬಗ್ಗಿ ಹಾಳಾದ್ದಲ್ದಾ?”

ದೇವರ ಮೂಲೆಗೆ ಹೋಗಿ ಗಂಟನ್ನು ಕೈಗೆತ್ತಿಕೊಂಡೆ. ಬಟ್ಟೆಯ ಮೇಲಿಂದಲೇ ಅಂಚು ಸಿಕ್ಕಿತು, ತಗ್ಗು ಸಿಕ್ಕಿತು. ಈಗ ಕಣ್ಣಿದೆ, ಬೆಳಕಿದೆ, ಅಡ್ಡ ಇರುವುದು ಒಂದು ಗೇಣು ಬಟ್ಟೆ ಅಷ್ಟೇ.

“ಒಂದೇ ಸಲ ಕಂಡ್ ಮತ್ತೆ ಕಟ್ತೆ” ಎಂದೆ.

“ಬ್ಯಾಡ” ಎಂದಳು. “ಬ್ಯಾಡ ಮಾರಾಯ್ರೆ. ನಿಮ್ ಕಣ್ಣಿಗೆ ಅಂದೇಳಿ ಕಟ್ಟಿದ್ದ್.”

ನನಗೆ ಅಂಥ ನಂಬಿಕೆಯೇನೂ ಇಲ್ಲ. ಆದರೆ ಅವಳ ಮುಖವನ್ನು ಅಷ್ಟು ಸ್ಪಷ್ಟವಾಗಿ ನೋಡಿ ಬಹಳ ಕಾಲವಾಗಿತ್ತು. ಗಂಟನ್ನು ಇದ್ದಲ್ಲೇ ಇಟ್ಟೆ.

ಡಾಕ್ಟರು ಹೊರಗೆ ಹೋಗಬಹುದು ಎಂದ ಮೇಲೆ ಬಾರ್ಕೂರಿಗೆ ಹೊರಟೆವು. ಬಸ್ಸಿನ ಕಿಟಕಿಯಲ್ಲಿ ಊರೂರೇ ತೊಳೆದಿಟ್ಟಂತೆ ಕಾಣುತ್ತಿತ್ತು. ಗದ್ದೆಯ ಪೈರಿನಲ್ಲಿ ಒಂದೊಂದು ಎಲೆಯೂ ಬೇರೆ ಬೇರೆ. ಗಂಟು ಅವಳ ಮಡಿಲಲ್ಲಿತ್ತು. ಅದನ್ನು ಹಾಗೆಯೇ ಹುಂಡಿಗೆ ಹಾಕುತ್ತಾರೆ, ಮುಗಿಯಿತು ಎಂದುಕೊಂಡಿದ್ದೆ.

ಅದು ಪುಟ್ಟ ದೇವಸ್ಥಾನ. ಅಲ್ಲಿಯ ಕ್ರಮ ಬೇರೆ ಇತ್ತು. ಅರ್ಚಕ ಭಟ್ಟರು ಗರ್ಭಗುಡಿಯ ಹೊಸಿಲಲ್ಲಿ ಕುಳಿತು, ಯಾರ ಹರಕೆ, ಯಾವುದಕ್ಕೆ ಎಂದು ಕೇಳಿ, ದೇವರೆದುರಿಗೆ ತಾವೇ ಗಂಟು ಬಿಚ್ಚಿ ಹರಿವಾಣಕ್ಕೆ ಸುರಿದರು. ನನ್ನ ನಾಣ್ಯ ಬಟ್ಟಲಿನ ಮುಖ ಮೇಲಾಗಿ ಬಿತ್ತು. ಬುಡ ಉರುಟಾದ್ದರಿಂದ ಅತ್ತ ಇತ್ತ ತೂಗಿ, ನಿಧಾನಕ್ಕೆ ನಿಂತಿತು. ಅರಸಿನ ಹಿಡಿದ ಗೆರೆಗಳ ಮೇಲೆ ದೀಪದ ಬೆಳಕು ಬಿತ್ತು. ನಾನು ಬಗ್ಗಿ ನೋಡಿದೆ. ಭೂತಗನ್ನಡಿ ಬೇಕಾಗಲಿಲ್ಲ.

ಅಪ್ಪ ಮಗನಲ್ಲ. ಅಣ್ಣ ತಮ್ಮನೂ ಅಲ್ಲ. ಒಬ್ಬ ಗಂಡಸು, ಪಕ್ಕದಲ್ಲಿ ತಲೆಗೆ ಸೆರಗು ಹೊದ್ದ ಒಬ್ಬಳು ಹೆಂಗಸು. ಅವಳು ಕೈ ಚಾಚಿ ಅವನ ಕಿರೀಟವನ್ನು ಮುಟ್ಟಿದ್ದಳು.

“ಇದೆಂತ, ಹಳಿ ಕಾಲದ್ದಾ?” ಎಂದರು ಭಟ್ಟರು ನನ್ನ ಮುಖ ನೋಡಿ. “ಬೇಕಿದ್ರೆ ತಪ್ಪುಕಾಣಿಕೆ ಹಾಕಿ ವಾಪಾಸ್ ತಕಂಡ್ಹೋಯ್ಲಕ್ಕ್.”

ಹೆಂಡತಿ ತಕ್ಷಣ, “ತಕಣಿ, ತಕಣಿ” ಎಂದಳು. ಬಾಯಿ ಹಾಗೆಂದರೂ ಕೈ ಸೆರಗಿನ ಅಂಚನ್ನು ಹಿಂಡುತ್ತಿತ್ತು. ಅದೂ ನನಗೆ ಚೆನ್ನಾಗಿ ಕಂಡಿತು.

“ಬ್ಯಾಡ, ಅಲ್ಲೇ ಇರ್ಲಿ” ಎಂದೆ. ಹೊರಬದಿಯಲ್ಲಿ ಯೇಸು ಕುಳಿತಿದ್ದಾನೆಂದು ಭಟ್ಟರಿಗೆ ಹೇಳಲು ಹೋಗಲಿಲ್ಲ. ದೇವರ ಮನೆಯಲ್ಲಿ ದೇವರಿಗೆ ಜಾಗ ಇರುತ್ತದೆ.

ತಿರುಗಿ ಬರುವ ಬಸ್ಸು ಕೋಟ ದಾಟಿತು. ಅವಳು ಮೆಲ್ಲಗೆ ಕೇಳಿದಳು.

“ಆ ಇಬ್ರ್ ಎಂತ ಮಾಡ್ತಿದ್ರ್? ಕಂಡ್ರ್ಯಾ?”

“ಕಂಡೆ. ಹೆಂಗ್ಸ್ ಗಂಡ್ಸಿನ್ ತಲಿ ಮೇಲ್ ಕೈ ಇಟ್ಕಂಡಿತ್ತ್.”

“ಎಂತಕೆ?”

“ಅವ್ನ್ ಕಣ್ಣಿಗೆ ಅಂದೇಳಿ ಇರ್ಬೇಕ್” ಎಂದೆ.