ಕುಸುಬಿ ಹಾಲಿನ ರಿಸೊಟ್ಟೊ

ಹೋದ ದೀಪಾವಳಿಯ ನಂತರ ಗೆಳತಿ ಅಣ್ಣಿಗೇರಿಯಿಂದ ಯರಗುಪ್ಪಿಯ ನಮ್ಮ ಮನೆಗೆ ಬಂದಾಗ ಅವಳ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಹಾಲು, ಅಕ್ಕಿ, ಗೋಧಿ, ಜೋಳ ಎಲ್ಲವನ್ನೂ ಡಾಕ್ಟರ್ ಬಂದ್ ಮಾಡಿಸಿದ್ದರಂತೆ.

"ನಂದು ನಾ ತಂದೀನಿ. ನೀ ತ್ರಾಸ ತಗೋಬ್ಯಾಡ," ಎಂದು ಹೇಳಿ, ಗೋಡೆಯ ಕಡೆ ತಿರುಗಿ ಕೂತು ಉಂಡಳು. ನಾನು ನನ್ನ ತಟ್ಟೆಯಲ್ಲಿ ಉಂಡೆ. ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ ಆರು ವರ್ಷ ಒಂದೇ ತಟ್ಟೆಯಲ್ಲಿ ಉಂಡವರು ನಾವು. ನನ್ನ ಹಣೆಯ ಮೇಲೆ ವಿಭೂತಿ, ಅವಳ ತಲೆಯ ಮೇಲೆ ದುಪಟ್ಟಾ. ಅಂದು ಅವಳನ್ನು ಬಸ್ ಹತ್ತಿಸಿ ಬಂದಮೇಲೆ ಮನೆಯಲ್ಲಿ ಏನೋ ಕಳೆದುಹೋದಂತೆ ಹುಡುಕುತ್ತಿದ್ದೆ. ಮುಂದಿನ ಸಲ ಆ ಡಬ್ಬಿಯ ಮುಚ್ಚಳ ತೆಗೆಯಲು ಬಿಡಬಾರದು ಎಂದು ಅವತ್ತೇ ನಿಶ್ಚಯಿಸಿದೆ.

ನೆನಪಾದದ್ದು ರಿಸೊಟ್ಟೊ, ಇಟಲಿ ಕಡೆಯ ಕೆನೆಕೆನೆಯಾದ ಅನ್ನ. ಹಾಸ್ಟೆಲ್ಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ವರ್ಷಕ್ಕೊಮ್ಮೆ, ಫೀಸ್ಟ್ ದಿನ ಅದನ್ನು ಮಾಡುತ್ತಿದ್ದರು. ಅಕ್ಕಿಗೆ ಸೌಟಿನಿಂದ ಸ್ವಲ್ಪ ಸ್ವಲ್ಪವೇ ಸಾರು ಹಾಕುತ್ತ, ಬೆಣ್ಣೆ ಸೇರಿಸುತ್ತ, "ಸ್ಟರ್, ಗರ್ಲ್ಸ್, ಸ್ಟರ್!" ಎನ್ನುತ್ತಿದ್ದರು. ತಿರುವಿ ತಿರುವಿ ಕೈ ನೋಯಿಸಿಕೊಂಡದ್ದಕ್ಕೆ ನಮ್ಮಿಬ್ಬರಿಗೆ ಪಾತ್ರೆಯ ತಳವೂ ಎರಡು ಚಮಚಗಳೂ ಸಿಗುತ್ತಿದ್ದವು. ತಳ ಹಿಡಿದದ್ದರ ರುಚಿಯೇ ಬೇರೆ.

ಅಕ್ಕಿ ಇಲ್ಲ, ಬೆಣ್ಣೆ ಇಲ್ಲ. ಆದರೆ ನಮ್ಮ ಎರೆಹೊಲದ ಸೀಮೆಯಲ್ಲಿ ಬೀಜಗಳಿಗೇನು ಬರ? ಅಕ್ಕಿಯ ಬದಲು ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜ, ರಾತ್ರಿಯೆಲ್ಲ ನೆನೆಸಿ, ಮೆತ್ತಗಾಗುವಷ್ಟು ಬೇಯಿಸಿದ್ದು. ಹಾಲಿನ ಬದಲು ಅವ್ವ ತೆಗೆಯುತ್ತಿದ್ದ ಕುಸುಬಿ ಹಾಲು: ನೆನೆಸಿದ ಕುಸುಬಿ ಕಾಳನ್ನು ರುಬ್ಬಿ, ಹಳೆಯ ಧೋತರದ ತುಂಡಿನಲ್ಲಿ ಹಿಂಡಿದ್ದು. ಅದು ಉರಿ ಹೆಚ್ಚಾದರೆ ಒಡೆಯುತ್ತದೆ, ಕೈ ನಿಂತರೆ ತಳ ಹಿಡಿಯುತ್ತದೆ. "ಕುಸುಬಿ ಹಾಲು ಒಲಿ ಮ್ಯಾಲಿದ್ರ ಬಾಗಲಕ್ಕ ಯಾರ ಬಂದ್ರೂ ಏಳಬಾರದು," ಎನ್ನುತ್ತಿದ್ದಳು ಅವ್ವ.

ಶಿವರಾತ್ರಿ ಮುಗಿದ ವಾರ ಅವಳು ಬರುತ್ತೇನೆಂದು ಫೋನ್ ಮಾಡಿದಳು. ಅವಳು ಬರುವ ದಿನ ಉಳ್ಳಾಗಡ್ಡಿ, ಬಳ್ಳೊಳ್ಳಿ ಹುರಿದು, ಬೀಜ ಹಾಕಿ, ಸಣ್ಣ ಉರಿಯಲ್ಲಿ ಸೌಟು ಸೌಟಾಗಿ ಹಾಲು ಸುರಿಯುತ್ತ ತಿರುವುತ್ತಿದ್ದೆ. ಅಗದಿ ಕೆನೆಕೆನೆಯಾಗಿ ಬರುತ್ತಿತ್ತು. ಅಷ್ಟರಲ್ಲಿ ಅಂಗಳದಿಂದ ಅವಳ ದನಿ.

"ಏ ಹುಚ್ಚಿ, ಅದೀಯೋ ಇಲ್ಲೋ?"

ಎದ್ದುಬಿಟ್ಟೆ. ಅವಳ ಚೀಲ ಇಸಕೊಂಡು, ಮೊಣಕಾಲ ನೋವು ಕೇಳಿ, ನೀರು ಕೊಟ್ಟು... ಅವಳೇ ಮೂಗು ಏರಿಸಿದಳು.

"ಏನೋ ಹೊತ್ತೇತಲ್ಲ?"

ಓಡಿದೆ. ಹಾಲು ಒಡೆದು ಗಂಟುಗಂಟಾಗಿತ್ತು, ಬೀಜಗಳು ತಳ ಹಿಡಿದಿದ್ದವು. ನನ್ನ ಕಣ್ಣು ತುಂಬಿತು, ಹೊಗೆಗೆ ಎಂದೆ. ಇನ್ನು ಅವಳು ಡಬ್ಬಿ ತೆಗೆಯುತ್ತಾಳೆ ಎಂದುಕೊಂಡೆ. ಅವಳು ಗೋಡೆ ಹಿಡಿದು ಒಳಗೆ ಬಂದು ಪಾತ್ರೆಯೊಳಗೆ ಇಣುಕಿದಳು.

"ಏನಿದು?"

"ರಿಸೊಟ್ಟೊ. ಅಕ್ಕಿ ಇಲ್ಲ, ಹಾಲಿಲ್ಲ. ಬರೇ ಬೀಜ."

"ಸಿಸ್ಟರ್ ನೋಡಿದ್ರ ನಿನಗ ಮೊಣಕಾಲ ಮ್ಯಾಲೆ ನಿಂದರಸ್ತಿದ್ರು."

"ನಿಂದರಸ್ಲಿ. ಈಗ ನಿಂತ್ರ ಏಳಾಕ ಆಗಬೇಕಲ್ಲ."

ಅವಳು ನಕ್ಕಳು. ನಗುತ್ತಲೇ ಕೈ ಚಾಚಿದಳು.

"ಚಮಚ ಕೊಡು. ಸ್ಪೂನ್ಸ್, ಪ್ಲೀಸ್. ಎರಡು."

ತಟ್ಟೆ ತೆಗೆಯುವ ಮಾತೇ ಬರಲಿಲ್ಲ. ಪಾತ್ರೆಯನ್ನು ನಡುವೆ ಇಟ್ಟುಕೊಂಡು ತಳ ಕೆರೆದೆವು. ಕಪ್ಪಾದದ್ದನ್ನು ನನ್ನ ಕಡೆ ತಳ್ಳಿ ಕಂದು ಬಣ್ಣದ್ದನ್ನು ತನ್ನ ಕಡೆ ಎಳೆದುಕೊಂಡಳು. ಆ ಬುದ್ಧಿ ಹಾಸ್ಟೆಲ್ಲಿನಲ್ಲಿದ್ದಾಗಲೂ ಇತ್ತು.

ಸಂಜೆ ಬಸ್ಸಿನ ಅವಸರದಲ್ಲಿ ಡಬ್ಬಿಯನ್ನು ಮರೆತು ಹೋದಳು. ತೆರೆದು ನೋಡಿದರೆ ಕುದಿಸಿದ ಹೀರೇಕಾಯಿ. ಒಂದು ಹೋಳು ಬಾಯಿಗೆ ಹಾಕಿಕೊಂಡೆ. ಉಪ್ಪೂ ಇರಲಿಲ್ಲ. ದಿನಾ ಇದನ್ನೇ ಉಣ್ಣುತ್ತಾಳೆ, ಗೋಡೆಯ ಕಡೆ ತಿರುಗಿ, ಒಬ್ಬಳೇ.

ಡಬ್ಬಿ ತೊಳೆದು ಇಟ್ಟಿದ್ದೇನೆ. ಯಾರ ಕೈಯಲ್ಲಾದರೂ ಕಳಿಸು ಎಂದು ಎರಡು ಸಲ ಫೋನ್ ಮಾಡಿದಳು. ಖಾಲಿ ಡಬ್ಬಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಬಂದು ತುಂಬಿಸಿಕೊಂಡು ಒಯ್ಯಿ ಎಂದಿದ್ದೇನೆ. ಕುಸುಬಿ ತಂದಿಟ್ಟಿದ್ದೇನೆ. ಅವಳು ಬರುವ ಹಿಂದಿನ ದಿನ ನೆನೆಸಿದರೆ ಸಾಕು.