ನಿಲ್ಲಿಸಿದರೆ ಸುಟ್ಟೀತು

ಸವದತ್ತಿಯಲ್ಲಿ ಅರ್ಧ ಊರಿನ ಹಿರಿಯರ ಫೋಟೋಗಳಿಗೆ ಚೌಕಟ್ಟು ಹಾಕಿದವನು ದುರ್ಗಪ್ಪ. ನಾನು ಬಾಳಕೃಷ್ಣ, ಅವನ ಪಕ್ಕದ ಅಂಗಡಿಯ ಫೋಟೋ ಸ್ಟುಡಿಯೋದವನು. ಮೂವತ್ತೆಂಟು ವರ್ಷದಿಂದ ನಮ್ಮಿಬ್ಬರ ನಡುವೆ ಒಂದೇ ಗೋಡೆ. ನಾನು ಮುಖ ತೆಗೆಯುತ್ತಿದ್ದೆ, ಅವನು ಅದಕ್ಕೆ ಗಾಜು ಕೂಡಿಸಿ ಮೊಳೆ ಬಡಿಯುತ್ತಿದ್ದ. ಈಗ ಎಲ್ಲರ ಕಿಸೆಯಲ್ಲೂ ಮೊಬೈಲು, ನನ್ನ ಸ್ಟುಡಿಯೋಕ್ಕೆ ಪಾಸ್‌ಪೋರ್ಟ್ ಸೈಜಿನ ಗಿರಾಕಿ ಬಿಟ್ಟರೆ ನೊಣವೂ ಬರುವುದಿಲ್ಲ. ಅವನ ಅಂಗಡಿ ಮಾತ್ರ ನಡೆದಿದೆ, ಯಾಕೆಂದರೆ ಮೊಬೈಲಿನಲ್ಲಿ ತೆಗೆದ ಮುಖವನ್ನೂ ಮನುಷ್ಯ ಹೋದಮೇಲೆ ಗೋಡೆಗೆ ತೂಗಲೇಬೇಕು. ಈ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ದುರ್ಗಪ್ಪ ಕೆಲಸ ಮಾಡುವ ರೀತಿಯೇ ಬೇರೆ. ಫೋಟೋ ತಂದವರನ್ನು ಕೂಡಿಸಿ, "ಇವರು ನಗತಿದ್ರೇನು? ದನಿ ದೊಡ್ಡದಿತ್ತೇನು?" ಎಂದೆಲ್ಲ ವಿಚಾರಿಸುತ್ತಾನೆ. ಆಮೇಲೆ ಕಟ್ಟಿಗೆ ಆರಿಸುತ್ತಾನೆ. ಅಂಗಡಿಯ ಮೂಲೆಯಲ್ಲಿ ಬಟ್ಟೆ ಸುತ್ತಿದ ನಾಲ್ಕು ಬೀಟೆಯ ಪಟ್ಟಿಗಳಿವೆ. ಎಷ್ಟು ದೊಡ್ಡ ಗಿರಾಕಿ ಬಂದರೂ ಅವನ್ನು ಬಿಚ್ಚಿದವನಲ್ಲ. ಅವು ಅವನ ತಾಯಿ ಶೆಟ್ಟೆವ್ವನ ಫೋಟೋಕ್ಕೆಂದು ಇಟ್ಟವು. ಆ ಫೋಟೋ ಇಲ್ಲ. ಅವನಿಗೆ ಒಂಬತ್ತು ವರ್ಷವಿದ್ದಾಗ ಆಕೆ ತೀರಿಹೋದಳು, ಕ್ಯಾಮರಾದ ಮುಂದೆ ಒಮ್ಮೆಯೂ ಕೂಡದೆ.

ಒಮ್ಮೆ ನಾನೇ ಮುಂದಾಗಿ, ಅವನು ಹೇಳಿದಂತೆ ಹಣೆ, ಮೂಗು, ಗದ್ದ ಎಲ್ಲ ಕೂಡಿಸಿ ಹದಿನೈದು ದಿನ ಕೂತು ಒಂದು ಚಿತ್ರ ಬರೆದುಕೊಟ್ಟೆ. ಬಹಳ ಹೊತ್ತು ನೋಡಿ, "ಯಾರ ಮನೀ ಹೆಣ್ಮಗಳೋ ಏನೋ, ಛಲೋ ಅದಾಳ," ಎಂದು ತಿರುಗಿ ಕೊಟ್ಟ. ನಾನು ಮೂರು ದಿನ ಅವನ ಸಂಗಡ ಮಾತು ಬಿಟ್ಟಿದ್ದೆ.

ಕ್ಯಾಮರಾದ ಮುಂದೆ ಕೂಡಲಿಲ್ಲ ಎಂದೆನಲ್ಲ, ಆದರೆ ನಡೆದಿದ್ದಳು. ದುರ್ಗಪ್ಪನಿಗೆ ಆರು ವರ್ಷವಿದ್ದಾಗ ಸವದತ್ತಿಯ ಕೋಟೆಗೆ ಸಿನಿಮಾದವರು ಬಂದಿದ್ದರಂತೆ. ಯಾವನೋ ರಾಜನ ಕಥೆ, ಕಪ್ಪು-ಬಿಳುಪಿನದು. ಸಿನಿಮಾದ ಹೆಸರು ಬರೆಯಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ, ಬರೆದರೆ ಅದಕ್ಕೇನಾದರೂ ಆದೀತೆಂಬ ಅಂಜಿಕೆ ಅವನಿಗೆ. ತಲೆಯ ಮೇಲೆ ಕೊಡ ಹೊತ್ತು ಮೆಟ್ಟಿಲು ಏರುವ ಹೆಂಗಸರು ಬೇಕಾಗಿದ್ದರು. ಕೂಲಿಗೆ ಹೊರಟಿದ್ದ ಶೆಟ್ಟೆವ್ವನನ್ನು ಎತ್ತರ ನೋಡಿ ಸಾಲಿನಲ್ಲಿ ನಿಲ್ಲಿಸಿಕೊಂಡರು. ಯಾವ ಓಣಿಯವಳೆಂದು ಯಾರೂ ಕೇಳಲಿಲ್ಲ. ಊರ ಬಾವಿಯ ಹಗ್ಗ ಮುಟ್ಟಲು ಆಕೆಗೆ ಬಿಡುತ್ತಿರಲಿಲ್ಲ. ಬಿಡದವರಲ್ಲಿ ನಮ್ಮಜ್ಜನೂ ಒಬ್ಬ, ಅದನ್ನೂ ಮುಚ್ಚಿಡುವುದಿಲ್ಲ. ಅಂದು ಅದೇ ಬಾವಿಯ ನೀರು ಆಕೆಯ ತಲೆಯ ಮೇಲಿತ್ತು, ಹಿಂದೆ ಮುಂದೆ ಊರ ಹೆಂಗಸರು ನಡೆದಿದ್ದರು. ನೀರು ತುಳುಕುವುದು ಕಾಣಬೇಕೆಂದು ಸಿನಿಮಾದವರು ಹಿತ್ತಾಳೆಯ ಕೊಡಗಳನ್ನು ಕಂಠಮಟ ತುಂಬಿಸಿದ್ದರು.

ದುರ್ಗಪ್ಪ ಕ್ಯಾಮರಾದ ಮಗ್ಗುಲಿಗೆ, ಬೇವಿನ ಗಿಡದ ಬುಡದಲ್ಲಿ ಕುಳಿತಿದ್ದ. ಉಸಿರು ಬಿಡಬೇಡ ಎಂದು ಹೇಳಿ ಕೂಡಿಸಿದ್ದರು. ಅವ್ವ ಒಂದೊಂದೇ ಮೆಟ್ಟಿಲು ಏರಿ ದೂರವಾಗುವುದು ಕಂಡು ಅವನಿಗೆ ತಡೆಯಲಾಗದೆ "ಯವ್ವಾ" ಎಂದು ಕೂಗಿಬಿಟ್ಟ. ಎಲ್ಲರೂ ಅವನ ಮೇಲೆ ಹರಿಹಾಯ್ದರು. ಕೂಗಿದೊಡನೆ ಅಂಜಿ ಅವನು ಮೊಣಕಾಲಲ್ಲಿ ಮುಖ ಹುದುಗಿಸಿಬಿಟ್ಟಿದ್ದ. ಹೆಂಗಸರನ್ನೆಲ್ಲ ಇಳಿಸಿ ಇನ್ನೊಮ್ಮೆ ಏರಿಸಿದರು. ಕೆಲಸ ಮುಗಿದಮೇಲೆ ಶೆಟ್ಟೆವ್ವ ಮಗನ ಬೆನ್ನಿಗೆ ಒಂದು ಗುದ್ದಿ, ಆಮೇಲೆ ಸಿನಿಮಾದವರು ಕೊಟ್ಟ ಬುಂದಿ ತಿನ್ನಿಸಿದಳಂತೆ.

ಆ ಸಿನಿಮಾ ಅವನಿಗೆ ಸಿಕ್ಕಿದ್ದು ಹತ್ತೊಂಬತ್ತನೆಯ ವಯಸ್ಸಿಗೆ. ರಾಮದುರ್ಗದ ಟೆಂಟಿಗೆ ಹಳೆಯ ರೀಲು ಬಂದಿದೆಯೆಂದು ಕೇಳಿ ಸವದತ್ತಿಯಿಂದ ಸೈಕಲ್ ತುಳಿದ. ನಡಿಗೆಯ ಮೇಲೆ ಅವ್ವನ ಗುರುತು ಹಿಡಿಯುವಷ್ಟರಲ್ಲಿ ಮುಂದಿದ್ದವನ ತಲೆ ಅಡ್ಡ ಬಂತು, ಅದು ಸರಿಯುವಷ್ಟರಲ್ಲಿ ಕೊಡದ ಸಾಲು ಹೋಗಿ ಪರದೆಯ ಮೇಲೆ ರಾಜ ಬಂದಿದ್ದ. ಮರುದಿನ ಮತ್ತೆ ಹೋಗಿ ಆಪರೇಟರ್ ಮಾಳಪ್ಪನ ಕೈಕಾಲು ಹಿಡಿದ. "ಒಂದ ಸಲ ನಿಂದ್ರಸ್ರಿ. ನಮ್ಮವ್ವನ ಮುಖ ನೋಡತೇನಿ."

ಮಾಳಪ್ಪನದು ಮೆತ್ತಗಿನ ಜೀವ, ನಿಲ್ಲಿಸಿದ. ಶೆಟ್ಟೆವ್ವ ಪಕ್ಕಕ್ಕೆ ಮುಖ ಮಾಡಿ, ಒಂದು ಕಾಲು ಮೇಲಿನ ಮೆಟ್ಟಿಲಿಗೆ ಇಟ್ಟು ಪರದೆಯ ಮೇಲೆ ನಿಂತಳು. ದುರ್ಗಪ್ಪ ನೋಡತೊಡಗಿದ್ದನಷ್ಟೇ, ಆಕೆಯ ಕೆನ್ನೆಯ ಮೇಲೆ ಒಂದು ಚುಕ್ಕೆ ಎದ್ದಿತು. ಅದು ಗುಳ್ಳೆಯಾಗಿ, ಹರಡಿ, ಮುಖವೆಲ್ಲ ಕರಗಿ ಪರದೆ ಬರಿಯ ಬಿಳಿಯಾಯಿತು. ಆ ಕಾಲದ ದೀಪದ ಕಾವು ಅಂಥದು. ರೀಲು ಓಡುತ್ತಿದ್ದರೆ ಉಳಿಯುತ್ತಿತ್ತು, ನಿಂತರೆ ಸುಡುತ್ತಿತ್ತು. ಮಾಳಪ್ಪ ಸುಟ್ಟ ತುಂಡಿನ ಜೊತೆಗೆ ಅದರ ಹಿಂದು ಮುಂದಿನದನ್ನೂ ಎರಡು ಮೊಳ ಕತ್ತರಿಸಿ ಅಂಟಿಸಿದ. ಮುಂದಿನ ಆಟದಲ್ಲಿ ಕೊಡ ಹೊತ್ತವರ ಸಾಲಿನಲ್ಲಿ ಶೆಟ್ಟೆವ್ವ ಇರಲಿಲ್ಲ.

ತಿರುಗಿ ಬರುವಾಗ ಕಟಕೋಳದ ಹತ್ತಿರ ಸೈಕಲ್ ಇಳಿದು ಹೊತ್ತು ಮುಳುಗುವವರೆಗೆ ಕುಳಿತಿದ್ದನಂತೆ. ಇದನ್ನು ಹೇಳುವಾಗೆಲ್ಲ ಅವನದು ಒಂದೇ ಮಾತು. "ಒಮ್ಮೆ ಓಣಿಯವರು ಕೂಡಿ ಮಣ್ಣಿಗಿಟ್ರು ಬಾಳೂ. ಇನ್ನೊಮ್ಮೆ ನಾನ ಸುಟ್ಟೆ."

ಸಿನಿಮಾಕ್ಕೆ ಒಂದೇ ರೀಲಿನ ಕಟ್ಟು ಇರುವುದಿಲ್ಲ, ಬೇರೆ ಊರುಗಳಲ್ಲಿ ಬೇರೆ ಇರುತ್ತವೆ ಎಂದು ನಾನು ಬಡಕೊಂಡೆ. ಕಂಪನಿಗೆ ಪತ್ರವನ್ನೂ ಬರೆದೆ. ವಿಳಾಸದಾರರಿಲ್ಲ ಎಂದು ತಿರುಗಿ ಬಂತು. ಆ ಮೇಲೆ ಊರಿಗೆ ವಿಡಿಯೋ ಬಂತು, ಮದುವೆಯ ಕ್ಯಾಸೆಟ್ಟುಗಳು ಬಂದವು. ಯಾರಾದರೂ "ಅಲ್ಲೇ ನಿಲ್ಲಿಸು, ನಾನು ಕಾಣತೀನಿ" ಎಂದರೆ ಸಾಕು, ದುರ್ಗಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಜನ ಅವನಿಗೆ ಸೊಕ್ಕು ಎಂದರು. ಗೊತ್ತಿದ್ದವನು ನಾನೊಬ್ಬನೇ.

ಈಗ ಪ್ರಜ್ಞಾಳ ಮಾತಿಗೆ ಬರುತ್ತೇನೆ. ಆಕೆ ದುರ್ಗಪ್ಪನ ಮೊಮ್ಮಗಳು. ಸಿನಿಮಾದ ಹೆಸರನ್ನೂ ರೀಲು ಸುಟ್ಟದ್ದನ್ನೂ ಈಚೆಗೆ ಆಕೆಗೂ ಹೇಳಿದ್ದ. ಬೈಲಹೊಂಗಲದ ಲ್ಯಾಬೊಂದರಲ್ಲಿ ಹಗಲೆಲ್ಲ ಜನರ ರಕ್ತ ತೆಗೆದು, ಸಂಜೆ ಬಸ್ಸು ಹಿಡಿದು ಬಂದು ಟಿವಿಯ ಮುಂದೆ ಕೂತು ಫುಟ್‌ಬಾಲ್ ಆಡುತ್ತಾಳೆ. ಅದಕ್ಕೆಂದೇ ಯಾರೋ ಬಳಸಿ ಬಿಟ್ಟ ಗೇಮ್ ಕನ್ಸೋಲ್ ತಂದಿದ್ದಾಳೆ. ಒಂದು ಕರಿ ಡಬ್ಬಿ, ಅದಕ್ಕೆ ಎರಡು ಕೈಯಿಂದ ಹಿಡಿಯುವ, ಮೈತುಂಬ ಗುಂಡಿಗಳಿರುವ ಒಂದು ಕಂಟ್ರೋಲರ್. ಇಷ್ಟು ಓದಿದ ಹುಡುಗಿಗೆ ಇದೆಂಥ ಚಾಳಿ ಎಂದು ಆಕೆಯ ಮುಂದೆಯೇ ಅಂದವನು ನಾನು.

"ಆಟ ಅಷ್ಟ ಅಲ್ಲ ಬಾಳಜ್ಜಾ, ಸಿನಿಮಾನೂ ಬರತಾವ ಇದರಾಗ," ಎಂದಿದ್ದಳು. ಮನೆಯ ಟಿವಿ ಹಳೆಯದು, ಅದಕ್ಕೆ ಇಂಟರ್ನೆಟ್ಟಿನ ಗಂಧವಿಲ್ಲ. ಡಬ್ಬಿಯೇ ಸಿನಿಮಾ ಇಳಿಸಿಕೊಂಡು ಒಂದು ವೈರಿನಲ್ಲಿ ಟಿವಿಗೆ ದಾಟಿಸುತ್ತದಂತೆ. ನಾನು ತಲೆಯಾಡಿಸಿದೆ. ನಂಬಲಿಲ್ಲ ಅನ್ನಿ.

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ದುರ್ಗಪ್ಪ ನನ್ನ ಬಾಗಿಲಲ್ಲಿ ಬಂದು ನಿಂತ. "ಹುಡುಗಿಗೆ ಆ ಸಿನಿಮಾ ಸಿಕ್ಕೈತಿ. ಡಬ್ಬಿಯೊಳಗ ಬಂದೈತಿ. ನನಗೊಬ್ಬಂಗ ಕುಂದ್ರಾಕ ಆಗೂದಿಲ್ಲ, ನೀ ಬಾ."

"ಕ್ಯಾಮರಾ ತರ್ತೀನಿ," ಎಂದೆ. "ನಿಮ್ಮವ್ವ ಬಂದ ಕೂಡಲೇ ಚಿತ್ರ ನಿಲ್ಲಿಸೋಣ, ಟಿವಿ ಮ್ಯಾಲಿಂದನ ಫೋಟೋ ತಗೀತೀನಿ. ನಿನ್ನ ಬೀಟಿ ಪಟ್ಟಿ ಹೊರಗ ಬರಲಿ ಇನ್ನ."

"ನಿಂದ್ರಸಬೇಕಲ್ಲ," ಎಂದ. ನಾನು ಕ್ಯಾಮರಾ ಕೊರಳಿಗೆ ಹಾಕಿಕೊಂಡು ಹೊರಟೆ.

ಪಡಸಾಲೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಟಿವಿ. ಪ್ರಜ್ಞಾ ಗುಂಡಿ ಒತ್ತಿದಳು. ನನ್ನ ಜೀವಮಾನವೆಲ್ಲ ಕತ್ತಲೆಕೋಣೆಯಲ್ಲಿ ಕಳೆದವನು ನಾನು, ಆದರೂ ಹೇಳುತ್ತೇನೆ, ಅಂಥ ಕಪ್ಪು-ಬಿಳುಪನ್ನು ನೋಡಿರಲಿಲ್ಲ. ಯಾರೋ ಪುಣ್ಯಾತ್ಮರು ಹಳೆಯ ರೀಲನ್ನು ಒಂದೊಂದೇ ಚಿತ್ರವಾಗಿ ತೊಳೆದು ತೆಗೆದಿದ್ದರು. ಗೀರಿಲ್ಲ, ಧೂಳಿಲ್ಲ. ಕೋಟೆಯ ಕಲ್ಲಿನ ಸಂದಿಯ ಹುಲ್ಲು ಎಣಿಸಬಹುದಿತ್ತು. ಅರವತ್ತು ವರ್ಷದ ಹಿಂದಿನ ಬಿಸಿಲು ಆ ಡಬ್ಬಿಯಿಂದ ಹೊರಟು ನಮ್ಮ ಮೂವರ ಮುಖದ ಮೇಲೆ ಬಿತ್ತು.

ಮುಕ್ಕಾಲು ತಾಸಾದಮೇಲೆ ಕೊಡದ ಸಾಲು ಕಾಣಿಸಿತು. "ನಿಂದ್ರಸಲೇನಜ್ಜಾ?" ಎಂದು ಪ್ರಜ್ಞಾ ಕೇಳಿದಳು. ದುರ್ಗಪ್ಪ ಆಕೆಯ ಕೈಯನ್ನೇ ಗಟ್ಟಿಯಾಗಿ ಹಿಡಿದುಬಿಟ್ಟ. "ಬ್ಯಾಡ, ಬ್ಯಾಡವ್ವಾ." ಕಣ್ಣು ಮುಚ್ಚಿಕೊಂಡ. ನಾನು ಅವನ ಕಡೆ ನೋಡುತ್ತಿದ್ದಂತೆಯೇ ಹೆಂಗಸರು ಹೋದರು, ರಾಜ ಬಂದ. ನನಗೆ ಎಷ್ಟು ಸಿಟ್ಟು ಬಂತೆಂದರೆ ಎದ್ದು ಹೊರಡಬೇಕೆನಿಸಿತು.

"ಹೋದಳೇನು?" ಎಂದ, ಕಣ್ಣು ತೆರೆಯದೆ.

"ಹೋದ್ರ ಏನಾತಜ್ಜಾ, ತಿರುಗಿ ತರತೇನಿ."

"ತಿರುಗಿ ತರಾಕ ಬರತೈತಿ?"

"ಎಷ್ಟು ಸಲಾ ಬೇಕಾದ್ರೂ."

ಅವನು ಆ ಮಾತನ್ನು ಬಾಯೊಳಗೇ ಒಮ್ಮೆ ಆಡಿಕೊಂಡ. ಪ್ರಜ್ಞಾ ಬೆರಳು ಒತ್ತಿ ಹಿಡಿದಳು. ರಾಜ ಹಿಂದಕ್ಕೆ ಸರಿದ, ಮೆಟ್ಟಿಲುಗಳು ಮತ್ತೆ ಬರಿದಾದವು. ಇದರಲ್ಲಿ ರೀಲಿಲ್ಲ, ಕಾಯುವ ದೀಪವಿಲ್ಲ, ಸುಡುವಂಥದು ಏನೂ ಇಲ್ಲ ಎಂದು ಆಕೆ ಬಿಡಿಸಿ ಹೇಳಿದಳು.

"ದೀಪ ಇಲ್ಲಂದ್ರ ಬೆಳಕ ಎಲ್ಲಿಂದ ಬರಾಕತ್ತೈತಿ?" ಎಂದು ಕೇಳಿದ. ಆಕೆ ಟಿವಿಯ ಹಿಂದೆ ಬಗ್ಗಿ ವೈರು ತೋರಿಸಿದಳು. ದುರ್ಗಪ್ಪ ಕೈ ಚಾಚಿ, "ಕೊಡಿಲ್ಲೆ. ಸುಟ್ರ ನನ್ನ ಕೈಯಿಂದನ ಸುಡ್ಲಿ," ಎಂದು ಕಂಟ್ರೋಲರ್ ಇಸಿದುಕೊಂಡ.

ಸಾಲು ಬಂತು. ಒಬ್ಬಳು, ಇಬ್ಬರು, ಮೂರನೆಯವಳು ಎತ್ತರದವಳು. ಅವನ ಹೆಬ್ಬೆರಳು ಗುಂಡಿಯ ಮೇಲೆ ಬಿತ್ತು.

ಶೆಟ್ಟೆವ್ವ ನಿಂತಳು. ಪಕ್ಕಕ್ಕೆ ಮುಖ, ಒಂದು ಕಾಲು ಮೇಲಿನ ಮೆಟ್ಟಿಲಿಗೆ. ಕೊಡದ ಬಾಯಿಂದ ಚಿಮ್ಮಿದ ನೀರಿನ ನಾಲ್ಕು ಹನಿಗಳು ಗಾಳಿಯಲ್ಲಿ ಹಾಗೇ ನಿಂತಿದ್ದವು. ದುರ್ಗಪ್ಪ ಆಕೆಯ ಕೆನ್ನೆಯನ್ನೇ ನೋಡುತ್ತಿದ್ದ, ಚುಕ್ಕೆ ಏಳುತ್ತದೋ ಎಂದು. ನಾನೂ ಅದನ್ನೇ ನೋಡುತ್ತಿದ್ದೆ, ಸುಳ್ಳೇಕೆ ಹೇಳಲಿ. ಅವನು ಎದ್ದುಹೋಗಿ ಟಿವಿಯ ಗಾಜಿನ ಮೇಲೆ ಅಂಗೈ ಇಟ್ಟ.

"ತಣ್ಣಗೈತಿ ಬಾಳೂ," ಎಂದ.

ಎಷ್ಟು ಹೊತ್ತು ನಿಂತಿದ್ದನೋ, ಇದ್ದಕ್ಕಿದ್ದಂತೆ ಚಿತ್ರ ಮಸುಕಾಯಿತು. ದುರ್ಗಪ್ಪನ ಬಾಯಿಂದ ಹೊರಟ ಸದ್ದನ್ನು ನಾನು ಮತ್ತೊಮ್ಮೆ ಕೇಳಲಾರೆ. ಪ್ರಜ್ಞಾ ಓಡಿಬಂದು ಒಂದು ಗುಂಡಿ ಮುಟ್ಟಿದಳು, ಬೆಳಕು ಮರಳಿತು. ಬಹಳ ಹೊತ್ತು ನಿಂತರೆ ಡಬ್ಬಿ ತಾನೇ ಮಂಕಾಗುತ್ತದಂತೆ, ಗಾಜು ಕೆಡಬಾರದೆಂದು. ಶೆಟ್ಟೆವ್ವ ನಿಂತಲ್ಲೇ ಇದ್ದಳು, ನಾಲ್ಕು ಹನಿಗಳೂ ಇದ್ದವು. ಅವನು ಅಲ್ಲೇ ನೆಲಕ್ಕೆ ಕುಸಿದು ಕುಳಿತು ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ಇನ್ನೊಂದೀಟು ಮುಂದ ಬಿಡತೇನಿ," ಎಂದು ಗುಂಡಿ ಒತ್ತಿದ. ಇಲ್ಲಿಂದ ಮುಂದಿನ ಎರಡು ಮೊಳ ಅವನು ನೋಡದೇ ಇದ್ದದ್ದು, ಮಾಳಪ್ಪ ಕತ್ತರಿಸಿ ಎಸೆದದ್ದು.

ಶೆಟ್ಟೆವ್ವ ಇನ್ನೊಂದು ಹೆಜ್ಜೆ ಇಟ್ಟಳು. ಆಮೇಲೆ ಫಕ್ಕನೆ ತಿರುಗಿದಳು. ತಲೆಯ ಮೇಲಿನ ತುಂಬಿದ ಕೊಡ ಅಲ್ಲಾಡದಂತೆ ಕುತ್ತಿಗೆ ಅಷ್ಟೇ ತಿರುಗಿಸಿ, ಕ್ಯಾಮರಾಕ್ಕಿಂತ ಚೂರು ಕೆಳಗೆ, ಚೂರು ಮಗ್ಗುಲಿಗೆ ನೋಡಿದಳು. ದುರ್ಗಪ್ಪನ ಹೆಬ್ಬೆರಳು ತಾನಾಗಿಯೇ ಒತ್ತಿತು.

ಎರಡನೆಯ ಸಲ ತೆಗೆದದ್ದನ್ನು ಬಿಟ್ಟು ಕೆಟ್ಟ ಮೊದಲಿನದನ್ನೇ ಸಿನಿಮಾದವರು ಇಟ್ಟುಕೊಂಡಿದ್ದರು. ಯಾಕೆಂದು ಹೇಳುವವರು ಈಗ ಇಲ್ಲ, ನನಗೆ ಮಾತ್ರ ಗೊತ್ತಾಯಿತು. ನಲವತ್ತು ವರ್ಷ ನಾನು ಜನರಿಗೆ "ಇಲ್ಲಿ ನೋಡ್ರಿ, ಇಲ್ಲಿ ನೋಡ್ರಿ" ಎಂದು ಗಂಟಲು ಹರಕೊಂಡವನು. ನನ್ನ ಕ್ಯಾಮರಾದ ಕಡೆ ಯಾರೊಬ್ಬರೂ ಹಾಗೆ ನೋಡಲಿಲ್ಲ.

"ನನ್ನ ದನಿಗೆ ತಿರುಗ್ಯಾಳ," ಎಂದ ದುರ್ಗಪ್ಪ. ಪ್ರಜ್ಞಾಳಿಗೆ ತಿಳಿಯಲಿಲ್ಲ. "ನಾ ಕೂಗಿದ್ನೆವ್ವಾ. ಗಿಡದ ಬುಡಕ ಕುಂತು ಯವ್ವಾ ಅಂತ ಕೂಗಿದ್ದೆ. ಅದಕ್ಕ ತಿರುಗ್ಯಾಳ. ನನ್ನ ನೋಡಾಕತ್ತಾಳ."

ನೋಡುತ್ತಿದ್ದಳು. ಅರವತ್ತಾರು ವರ್ಷದ ಮಗ ನೆಲದ ಮೇಲೆ ಕುಳಿತಿದ್ದ, ಮೂವತ್ತು ದಾಟದ ತಾಯಿ, ಏನಾಯಿತು ಎಂದು ಕೇಳುವಂತೆ, ಹುಬ್ಬು ತುಸು ಎತ್ತಿ, ನೇರ ಅವನನ್ನೇ ನೋಡುತ್ತಿದ್ದಳು. ನನ್ನ ಕ್ಯಾಮರಾ ಕೊರಳಲ್ಲೇ ಇತ್ತು. ಮರೆತೇಬಿಟ್ಟಿದ್ದೆ. ನೆನಪಾಗಿ ಎತ್ತಿ ಕಣ್ಣಿಗೆ ಹಿಡಿಯುವಷ್ಟರಲ್ಲಿ ಅವನು ಮಾತಾಡುವುದು ಕೇಳಿಸಿತು. ನನ್ನ ಸಂಗಡ ಅಲ್ಲ.

"ಏನಿಲ್ಲಬೇ ಯವ್ವಾ. ಇಲ್ಲೇ ಅದೇನಿ. ನೀ ನಡಿ."

ಮತ್ತು ಗುಂಡಿ ಒತ್ತಿಬಿಟ್ಟ. ಆಕೆ ಮುಖ ತಿರುಗಿಸಿ ಏರತೊಡಗಿದಳು.

"ಎಲೋ, ಫೋಟೋ!" ಎಂದೆ. "ತಡಿ ಅಂದ್ರ ತಡೀಬಾರದೇನೋ?"

"ನಾಳೆ ತಗಿ. ತಿರುಗಿ ಬರತಾಳಂತಲ್ಲ," ಎಂದ, ಕಣ್ಣು ಟಿವಿಯಿಂದ ಕೀಳದೆ. "ತುಂಬಿದ ಕೊಡ ಐತಿ ತಲೀ ಮ್ಯಾಲೆ. ಎಷ್ಟೊತ್ತಂತ ನಿಂದ್ರಸೂದು ಆಕೀನ್ನ?"

ನಾನು ಕ್ಯಾಮರಾ ಇಳಿಸಿದೆ. ಶೆಟ್ಟೆವ್ವ ಮೇಲಿನ ಮೆಟ್ಟಿಲು ಮುಟ್ಟುವವರೆಗೂ ನಾವು ಮೂವರೂ ನೋಡುತ್ತಿದ್ದೆವು.