ನಾರ್ಮನ್‌ನ ಅಳತೆಗೆ ಬಾರದ ಕಾರು

ನಾರ್ಮನ್ ಪ್ರಾಸರ್ ಆರಡಿ ಮೂರಂಗುಲದ ಆಳು. ಇಂಗ್ಲೆಂಡಿನ ಮಾಲ್ವರ್ನ್ ಬೆಟ್ಟದ ಸುತ್ತಿನ ಹಳ್ಳಿಗಳಿಗೆ ಮೂವತ್ತೆಂಟು ವರ್ಷ ಅಂಚೆ ಹಂಚಿ ನಿವೃತ್ತನಾದವನು. ಹುಡುಗನಾಗಿದ್ದಾಗ ಊರಿನ ಡಾಕ್ಟರ ಬಳಿಯಿದ್ದಂಥ ಕೆಂಪು ಎಂ.ಜಿ. ಕಾರೇ ಅವನಿಗೆ ಬೇಕಿತ್ತು. ಇಬ್ಬರೇ ಕೂರುವ ಪುಟ್ಟ ಗಾಡಿ, ದೊಡ್ಡ ಸ್ಟಿಯರಿಂಗು.

ಕೊಳ್ಳುವ ಮುಂಚೆ ಒಂದು ಭಾನುವಾರ ಎಲ್ಲರ ಕಾರುಗಳಲ್ಲೂ ಕೂತು ನೋಡುವುದು ನಮ್ಮ ಹಳೇ ಕಾರುಗಳ ಕ್ಲಬ್ಬಿನ ಪದ್ಧತಿ. ತೊಡೆಗೂ ಸ್ಟಿಯರಿಂಗಿಗೂ ನಡುವೆ ಮುಷ್ಟಿ ತೂರದಿದ್ದರೆ ಆ ಕಾರಿನ ಆಸೆ ಬಿಡಬೇಕು. ಪರೀಕ್ಷೆ ಮಾಡುವವನು ನಾನು. ಟ್ರಯಂಫ್ ಕಾರಿನಲ್ಲಿ ನಾರ್ಮನ್ ತನ್ನ ಮನೆಯ ಸೋಫಾದಲ್ಲಿ ಕೂತಷ್ಟು ಆರಾಮಾಗಿ ಕೂತ. ಎಂ.ಜಿ.ಯಲ್ಲಿ ನನ್ನ ಮುಷ್ಟಿ ಉಜ್ಜಿಕೊಂಡು ಹೇಗೋ ತೂರಿತು. ಅವನ ಮುಖ ನೋಡಿ ಆಯ್ತು ಎಂದುಬಿಟ್ಟೆ. ಇನ್ನೊಬ್ಬರ ಕಾರು ಕೊಳೆಯಾಗಬಾರದೆಂದು ನಾವು ಶೂ ಬಿಚ್ಚಿಯೇ ಹತ್ತುತ್ತೇವೆ. ಅವತ್ತು ಅವನೂ ಬರೀ ಕಾಲುಚೀಲದಲ್ಲಿದ್ದ. ಬೂಟು ಹಾಕಿದರೆ ಕಾಲು ಇನ್ನೂ ಮೇಲೇಳುತ್ತದೆಂದು ನನ್ನ ಮಂದಬುದ್ಧಿಗೆ ಹೊಳೆಯಲೇ ಇಲ್ಲ.

ಮಾರ್ಚಿನಲ್ಲಿ ಅವನು ಎಂ.ಜಿ. ಕೊಂಡ. ಅಕ್ಟೋಬರಿನಲ್ಲಿ ಕ್ಲಬ್ಬಿನವರೆಲ್ಲ ಸಾಲಾಗಿ ಹೊರಟೆವು. ಊಟಕ್ಕೆ ನಿಲ್ಲುವ ಮೈದಾನದಲ್ಲಿ ಕೆಸರು ಇರುತ್ತದೆಂದು ನಾರ್ಮನ್ ದಪ್ಪ ಅಟ್ಟೆಯ ಬೂಟು ಹಾಕಿಕೊಂಡಿದ್ದ. ಪಕ್ಕದಲ್ಲಿ ಹೆಂಡತಿ ಬೆರಿಲ್, ಐದಡಿಯ ಹೆಂಗಸು, ಇಪ್ಪತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಅವರ ಹಿಂದಿನ ಕಾರಿನಲ್ಲೇ ನಾನಿದ್ದೆ.

ಇಳಿಜಾರು ಶುರುವಾಯಿತು. ತಳದಲ್ಲಿ ರಸ್ತೆ ತಟ್ಟನೆ ತಿರುಗುತ್ತದೆ. ಎದುರಿಗೆ ಕಲ್ಲಿನ ಗೋಡೆ. ಅವನು ಬ್ರೇಕು ಒತ್ತಬೇಕಾದ ಜಾಗ ಬಂತು, ದಾಟಿತು. ಹಿಂದಿನ ಕೆಂಪು ದೀಪ ಹೊತ್ತಲಿಲ್ಲ. ಹಾರ್ನ್ ಒತ್ತಿದೆ, ಅದರಿಂದ ಏನು ಉಪಯೋಗವೋ.

ಒಳಗೆ ನಡೆದದ್ದನ್ನು ಬೆರಿಲ್ ಆಮೇಲೆ ಹೇಳಿದಳು. ಬ್ರೇಕಿಗೆಂದು ಪಾದ ಎತ್ತಿದಾಗ ಬೂಟಿನ ಅಟ್ಟೆ ಪೆಡಲಿನ ಅಂಚಿಗೆ ತಗುಲಿ, ಮೊಣಕಾಲು ಸ್ಟಿಯರಿಂಗಿನ ಕೆಳಗೆ ಸಿಕ್ಕಿಕೊಂಡಿತು. ಕಾಲು ಎಳೆದಷ್ಟೂ ಬಿಗಿಯಾಯಿತು. ಸ್ಟಿಯರಿಂಗೂ ತಿರುಗದಾಯಿತು.

"ಬೆರಿಲ್, ಕಾಲು ಬರ್ತಿಲ್ಲ," ಎಂದನಂತೆ, ಮೆಲ್ಲಗೆ.

ಅವಳು ಕೀ ತಿರುಗಿಸಿ ಎಂಜಿನ್ ಆರಿಸಿದಳು. ಇಬ್ಬರ ನಡುವಿನ ಕೈಬ್ರೇಕನ್ನು ಎರಡೂ ಕೈಯಲ್ಲಿ ಎಳೆದು ಹಿಡಿದಳು. ಆ ಕಾರಿನಲ್ಲಿ ಹಿಡಿಯ ತುದಿಯ ಗುಂಡಿ ಒತ್ತಿ ಸಿಕ್ಕಿಸದೆ ಕೈ ಬಿಟ್ಟರೆ ಬ್ರೇಕೂ ಬಿಡುತ್ತದೆ. ಅವಳು ಬಿಡಲಿಲ್ಲ. ಕಾರಿನ ಹಿಂಭಾಗ ಒಮ್ಮೆ ಹೊರಳಿತು, ಇನ್ನೊಮ್ಮೆ ಹೊರಳಿತು. ಗೋಡೆಗೆ ಒಂದು ಮೊಳ ಇರುವಾಗ ನಿಂತಿತು.

ನಾನು ಓಡಿ ಹೋದಾಗಲೂ ಅವಳು ಹಿಡಿ ಬಿಟ್ಟಿರಲಿಲ್ಲ. ನಾರ್ಮನ್ ಬೆವರಿ ನೀರಾಗಿದ್ದ. ತಪ್ಪು ನನ್ನದೆಂದೆ, ಇಬ್ಬರಿಗೂ ಕೇಳಿಸಲಿಲ್ಲ.

"ಮೊಣಕಾಲು ನೋಯುತ್ತಾ ಅಂತ ಏಳು ತಿಂಗಳಿಂದ ಕೇಳ್ತಾನೇ ಇದೀನಿ," ಎಂದಳು ಬೆರಿಲ್. "ಇಲ್ಲ, ಆರಾಮಾಗಿದೆ ಅಂತಿದ್ದೆ ನೀನು."

ನಾರ್ಮನ್ ತಲೆ ಎತ್ತಲಿಲ್ಲ. "ನೋಯುತ್ತೆ ಅಂದಿದ್ರೆ ಮಾರಿಬಿಡು ಅಂತಿದ್ದೆ ನೀನು."

"ಮಾರು ಅಂತಿರ್ಲಿಲ್ಲ ಕಣೋ. ಕೀ ಕೊಡು ಅಂತಿದ್ದೆ. ಓಡಿಸ್ತೀಯಾ ಅಂತ ಒಂದ್ಸಲ ಆದ್ರೂ ಕೇಳಿದ್ಯಾ?"

ನಾನೂ ಎಂದೂ ಕೇಳಿರಲಿಲ್ಲ, ನಾಚಿಕೆಯಾಯಿತು. ನಾರ್ಮನ್‌ನ ಕಾಲನ್ನು ಬಿಡಿಸಿ, ಇಳಿಸಿ, ಆ ಕಡೆಯ ಸೀಟಿಗೆ ಕೂರಿಸಿದೆ. ಬೆರಿಲ್ ಚಾಲಕನ ಸೀಟನ್ನು ಮುಂದಕ್ಕೆಳೆದುಕೊಂಡು ಕೂತಳು. ಕಾರು ಅವಳಿಗೆ ಹೇಳಿ ಮಾಡಿಸಿದಂತಿತ್ತು.